ಬೆಂಗಳೂರಿನ 18 ಲಕ್ಷ, ಶಿವಮೊಗ್ಗದ 12 ಲಕ್ಷ: ಯಾವುದು ದೊಡ್ಡದು?

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯವನು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ವರ್ಷಕ್ಕೆ 18 ಲಕ್ಷ ಸಿಟಿಸಿ. ಈ ನವೆಂಬರ್‌ಗೆ ಐದು ವರ್ಷ ತುಂಬುತ್ತದೆ. ಹೆಂಡತಿ ಖಾಸಗಿ ಶಾಲೆಯಲ್ಲಿ ಶಿಕ್ಷಕಿ, ಕೈಗೆ ತಿಂಗಳಿಗೆ 28,000. ಮಗಳು ಎರಡನೇ ತರಗತಿ. ಶಿವಮೊಗ್ಗದ ಸಣ್ಣ ಕಂಪನಿಯೊಂದು 12 ಲಕ್ಷ ಕೊಡುತ್ತೇನೆ ಎಂದಿದೆ, ಡಿಸೆಂಬರ್‌ವರೆಗೆ ಕಾಯಲು ಸಿದ್ಧವಿದೆ. ಎರಡು ಊರುಗಳ ಜೀವನವೆಚ್ಚ ಹೋಲಿಸುವ ಜಾಲತಾಣವೊಂದು ಶಿವಮೊಗ್ಗ ಶೇ 42ರಷ್ಟು ಅಗ್ಗ, ಅಲ್ಲಿನ 12 ಲಕ್ಷ ಬೆಂಗಳೂರಿನ 20.7 ಲಕ್ಷಕ್ಕೆ ಸಮ ಎನ್ನುತ್ತಿದೆ. ಅಂದರೆ ನನಗೆ ಲಾಭವೇ ಅಲ್ಲವೇ? ನಮ್ಮ ತಿಂಗಳ ಖರ್ಚಿನ ಪಟ್ಟಿ ಕಳಿಸಿದ್ದೇನೆ.

ಉತ್ತರ: ಖರ್ಚಿನ ಪಟ್ಟಿ ಕಳಿಸಿದ್ದು ಒಳ್ಳೆಯದಾಯಿತು. ಪಟ್ಟಿ ಇಲ್ಲದೆ ಹೋಗಿದ್ದರೆ ನಾನೂ ಆ ಜಾಲತಾಣದ ಹಾಗೆ ಗಾಳಿಯಲ್ಲಿ ಗುಂಡು ಹೊಡೆಯಬೇಕಿತ್ತು. ಲಾಭವೇ ಎಂದು ಕೇಳಿದ್ದೀರಿ. ಈಗಿರುವ ಲೆಕ್ಕದಲ್ಲಿ ಲಾಭವಿಲ್ಲ. ಆದರೆ ನೀವು ಹೆದರಬೇಕಾದಷ್ಟು ನಷ್ಟವೂ ಇಲ್ಲ, ಮತ್ತು ಆ ನಷ್ಟವನ್ನು ತುಂಬಿಕೊಳ್ಳುವ ದಾರಿ ಒಂದಿದೆ.

ಮೊದಲು ಸಿಟಿಸಿ ಎಂಬ ಅಂಕಿಯನ್ನು ಬದಿಗಿಡೋಣ. ಅದು ಕಂಪನಿಗೆ ತಗಲುವ ಖರ್ಚೇ ಹೊರತು ನಿಮ್ಮ ಕೈಗೆ ಬರುವ ಹಣವಲ್ಲ. ನಿಮ್ಮ 18 ಲಕ್ಷದಲ್ಲಿ ಅರ್ಧ ಮೂಲವೇತನ ಎಂದಿಟ್ಟುಕೊಂಡರೆ, ಕಂಪನಿಯ ಪಾಲಿನ ಪಿಎಫ್ 1,08,000 ಮತ್ತು ಗ್ರಾಚ್ಯುಟಿಗೆಂದು (ಐದು ವರ್ಷ ದುಡಿದವರಿಗೆ ಕೆಲಸ ಬಿಡುವಾಗ ಸಿಗುವ ಇಡಿಗಂಟು) ತೆಗೆದಿಡುವ ಸುಮಾರು 43,000 ಸಂಬಳದ ಚೀಟಿಗೆ ಬರುವ ಮೊದಲೇ ಹೋಗುತ್ತವೆ. ಉಳಿದ 16.49 ಲಕ್ಷದಲ್ಲಿ ನಿಮ್ಮ ಪಾಲಿನ ಪಿಎಫ್ ಮತ್ತೊಂದು 1,08,000. ಹೊಸ ತೆರಿಗೆ ಪದ್ಧತಿಯಲ್ಲಿ ಆದಾಯ ತೆರಿಗೆ ಸೆಸ್ ಸೇರಿ ಸುಮಾರು 1,20,700. ವೃತ್ತಿ ತೆರಿಗೆ 2,500. ಎಲ್ಲ ಕಳೆದು ತಿಂಗಳಿಗೆ ಕೈಗೆ ಬರುವುದು ಸುಮಾರು 1,18,000.

ಇದೇ ಮಾದರಿಯಲ್ಲಿ ಶಿವಮೊಗ್ಗದ 12 ಲಕ್ಷವನ್ನು ಬಿಚ್ಚಿ ನೋಡಿ. ಇಲ್ಲಿ ಆದಾಯ ತೆರಿಗೆ ಸೊನ್ನೆ. 2025-26ರಿಂದ ಸಂಬಳದಾರರಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಸೇರಿಸಿ 12.75 ಲಕ್ಷದವರೆಗೆ ತೆರಿಗೆ ಇಲ್ಲವಲ್ಲ, ನೀವು ಅದರೊಳಗೇ ಬರುತ್ತೀರಿ. ಕೈಗೆ ಬರುವುದು ತಿಂಗಳಿಗೆ ಸುಮಾರು 85,400. ಸಿಟಿಸಿಯಲ್ಲಿ ತಿಂಗಳಿಗೆ 50,000 ಕಡಿಮೆ, ಕೈಯಲ್ಲಿ 32,600 ಮಾತ್ರ ಕಡಿಮೆ. ಊರು ಬಿಡಲು ಹೊರಟವರು ಸಾಮಾನ್ಯವಾಗಿ ನೋಡದೇ ಹೋಗುವ ಅನುಕೂಲ ಇದು. ಸಂಬಳ ಇಳಿದಾಗ ಇಳಿದ ಭಾಗದ ಒಂದಿಷ್ಟನ್ನು ಸರ್ಕಾರವೂ ಕಳೆದುಕೊಳ್ಳುತ್ತದೆ. ಪಿಎಫ್‌ನಲ್ಲಿ ಎರಡೂ ಪಾಲು ಸೇರಿ ತಿಂಗಳಿಗೆ 6,000 ಕಡಿಮೆ ಜಮೆಯಾಗುತ್ತದೆ ಎಂಬುದನ್ನು ಮಾತ್ರ ಒಂದು ಮೂಲೆಯಲ್ಲಿ ಬರೆದಿಟ್ಟುಕೊಳ್ಳಿ.

ಈಗ ಶೇ 42ರ ವಿಷಯ. ಜಾಲತಾಣ ಸುಳ್ಳು ಹೇಳಿಲ್ಲ. ನೀವು ಆ ಶೇಕಡಾವಾರನ್ನು ತಪ್ಪು ಅಂಕಣಕ್ಕೆ ಹಾಕಿದ್ದೀರಿ. ಊರಿನ ಬೆಲೆ ಅನ್ವಯವಾಗುವುದು ಊರಿನಲ್ಲಿ ಕೊಳ್ಳುವ ವಸ್ತುವಿಗೆ. ನಿಮ್ಮ ಸಂಬಳ ಪೂರ್ತಿ ಊರಿನ ಸಂತೆಯಲ್ಲಿ ಖರ್ಚಾಗುವುದಿಲ್ಲ.

ನಿಮ್ಮ ಪಟ್ಟಿಯನ್ನು ನಾನು ಎರಡಾಗಿ ಸೀಳಿದೆ. ಕಾರಿನ ಕಂತು 11,500, ವಿಮೆ 4,500, ಅಪ್ಪ ಅಮ್ಮನಿಗೆ ಕಳಿಸುವ 8,000, ಮೊಬೈಲ್ ಮತ್ತು ಇಂಟರ್ನೆಟ್ 2,000, ಬಟ್ಟೆಬರೆ ಔಷಧಿ 6,000. ಒಟ್ಟು 32,000. ಇವು ಊರು ನೋಡಿ ಬದಲಾಗುವ ಖರ್ಚುಗಳಲ್ಲ. ನೀವು ಶಿವಮೊಗ್ಗಕ್ಕೆ ಬಂದಿರಿ ಎಂದು ಬ್ಯಾಂಕಿನವರು ಕಂತು ಇಳಿಸುವುದಿಲ್ಲ. ಉಳಿದ 90,000 ಊರಿಗೆ ಅಂಟಿಕೊಂಡ ಖರ್ಚು: ಬಾಡಿಗೆ ಮತ್ತು ನಿರ್ವಹಣೆ 32,000, ದಿನಸಿ ತರಕಾರಿ ಹಾಲು ಗ್ಯಾಸ್ 16,000, ಮಗಳ ಶಾಲೆ ಮತ್ತು ವ್ಯಾನು 13,000, ಹೊರಗೆ ಊಟ ತಿರುಗಾಟ 9,000, ಕಚೇರಿ ಓಡಾಟ 7,000, ಊರಿಗೆ ಹೋಗಿಬರಲು 6,000, ಮನೆಗೆಲಸದವರಿಗೆ 4,500, ಕರೆಂಟು ನೀರು 2,500.

ಈ ಎರಡನೇ ಗುಂಪನ್ನು ಶಿವಮೊಗ್ಗದ ಲೆಕ್ಕಕ್ಕೆ ತಂದಾಗ ನನಗೆ ಸಿಕ್ಕಿದ್ದು 49,500. ಅಂದರೆ ಶೇ 45 ಇಳಿಕೆ, ಜಾಲತಾಣ ಹೇಳಿದ್ದಕ್ಕಿಂತ ಹೆಚ್ಚೇ. ಹೀಗಿದ್ದೂ ನಿಮಗೆ ಲಾಭವಿಲ್ಲ, ಯಾಕೆಂದರೆ ಆ 32,000 ಅಲುಗಾಡಲಿಲ್ಲ.

ಇಳಿಕೆಯ ಬಹುಭಾಗ ಎಲ್ಲಿಂದ ಬಂತು? ಬಾಡಿಗೆಯಿಂದ. ವಿನೋಬನಗರ, ಗೋಪಾಳ, ರವೀಂದ್ರನಗರದ ಕಡೆ ಎರಡು ಕೋಣೆಯ ಮನೆಗೆ 13,000 ಹಿಡಿದಿದ್ದೇನೆ, ಅಲ್ಲೇ 19,000 ಉಳಿಯಿತು. ಒಟ್ಟು ಉಳಿತಾಯದ ಅರ್ಧದ ಹತ್ತಿರ. ಕೇಂದ್ರ ಸರ್ಕಾರವೂ ಊರುಗಳನ್ನು ಹೀಗೇ ಅಳೆಯುತ್ತದೆ. ಬೆಂಗಳೂರಿನ ಜಿಪಿಓದಲ್ಲಿ ಕೂತವರಿಗೂ ಶಿವಮೊಗ್ಗದ ಪ್ರಧಾನ ಅಂಚೆ ಕಚೇರಿಯಲ್ಲಿ ಅದೇ ಹುದ್ದೆಯಲ್ಲಿ ಕೂತವರಿಗೂ ಮೂಲವೇತನ, ತುಟ್ಟಿಭತ್ಯೆ ಒಂದೇ. ಬದಲಾಗುವುದು ಮುಖ್ಯವಾಗಿ ಮನೆಬಾಡಿಗೆ ಭತ್ಯೆ, ಜೊತೆಗೆ ಒಂದಿಷ್ಟು ಪ್ರಯಾಣ ಭತ್ಯೆ. 2024ರ ಜನವರಿಯಿಂದ ಬೆಂಗಳೂರಿನಂಥ ಎಕ್ಸ್ ವರ್ಗದ ನಗರಕ್ಕೆ ಶೇ 30, ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಬೆಳಗಾವಿ, ಕಲಬುರಗಿಯಂಥ ವೈ ವರ್ಗಕ್ಕೆ ಶೇ 20, ಶಿವಮೊಗ್ಗ ಸೇರುವ ಝಡ್ ವರ್ಗಕ್ಕೆ ಶೇ 10. ಮೂಲವೇತನ 50,000 ಇದ್ದವರಿಗೆ ಬೆಂಗಳೂರಿಗೂ ಶಿವಮೊಗ್ಗಕ್ಕೂ ಈ ಭತ್ಯೆಯಲ್ಲಿ ಇರುವ ಅಂತರ ಹತ್ತೇ ಸಾವಿರ. ಖಾಸಗಿಯವರು ಊರಿನ ಹೆಸರು ಹೇಳಿ ಮೂರನೇ ಒಂದು ಪಾಲು ಕತ್ತರಿಸುವಾಗ ಈ ಅಂಕಿ ನೆನಪಿಗೆ ಬರಲಿ.

ಅಡ್ಡ ಮಾತು ಒಂದು. ಗ್ರಾಹಕ ಬೆಲೆ ಸೂಚ್ಯಂಕ ಹಿಡಿದುಕೊಂಡು ಬಂದು, ಈ ಊರಿನದು 140, ಆ ಊರಿನದು 148, ಹಾಗಾಗಿ ಅದೇ ದುಬಾರಿ ಎಂದು ವಾದಿಸುವವರು ಸಿಗುತ್ತಾರೆ. ಆ ಸೂಚ್ಯಂಕ ಒಂದು ಊರಿನ ಬೆಲೆ ಮೂಲವರ್ಷದಿಂದ ಎಷ್ಟು ಏರಿತು ಎಂದು ಹೇಳುತ್ತದೆಯೇ ಹೊರತು ಯಾವ ಊರು ತುಟ್ಟಿ ಎಂದಲ್ಲ. ಅಗ್ಗದ ಊರಿನ ಸೂಚ್ಯಂಕವೇ ದುಬಾರಿ ಊರಿನದಕ್ಕಿಂತ ಮೇಲಿರಬಹುದು.

ದಿನಸಿಯಲ್ಲಿ ನಿಮಗೆ ನಿರಾಸೆಯಾಗಬಹುದು. 16,000 ಇದ್ದದ್ದನ್ನು ನಾನು 14,000 ಮಾತ್ರ ಮಾಡಿದ್ದೇನೆ. ನಂದಿನಿ ಹಾಲಿನ ಪ್ಯಾಕೆಟ್ ಮಾಚೇನಹಳ್ಳಿಯ ಶಿಮುಲ್‌ನಿಂದ (ಶಿವಮೊಗ್ಗದ ಹಾಲು ಒಕ್ಕೂಟ) ಬಂದರೂ ಬೆಂಗಳೂರು ಡೇರಿಯಿಂದ ಬಂದರೂ ದರ ಒಂದೇ. ಎಣ್ಣೆ, ಬೇಳೆ, ಸೋಪು, ಬಿಸ್ಕತ್ತಿನ ಮೇಲೆ ಮುದ್ರಿಸಿದ ಬೆಲೆ ಸಾಮಾನ್ಯವಾಗಿ ಎರಡೂ ಕಡೆ ಒಂದೇ. ಪೆಟ್ರೋಲ್ ಶಿವಮೊಗ್ಗದಲ್ಲಿ ಬೆಂಗಳೂರಿಗಿಂತ ತುಸು ಹೆಚ್ಚೇ. ಓಡಾಟದ ಖರ್ಚು ಇಳಿಯುವುದು ದೂರ ಕಡಿಮೆ ಎಂಬ ಕಾರಣಕ್ಕೆ. ತೀರ್ಥಹಳ್ಳಿ ಮನೆಯಿಂದ ಅಕ್ಕಿ, ಕಾಯಿ, ಬಾಳೆಗೊನೆ ಬರುತ್ತದಲ್ಲ ಎನ್ನಬಹುದು. ಬರುತ್ತದೆ. ಆದರೆ ಅದನ್ನು ತರಲು ಹೋದ ಕಾರಿಗೆ ಎಣ್ಣೆ ಹಾಕಿಸಿದ್ದನ್ನೂ ಅದೇ ಪಟ್ಟಿಯಲ್ಲಿ ಬರೆಯಬೇಕಾಗುತ್ತದೆ.

ನಿಮ್ಮ ಪಟ್ಟಿಯ ಕೊನೆಗೆ ‘ಹೆಂಡತಿಗೆ ಬಸ್ಸು ಉಚಿತ’ ಎಂದು ಬರೆದಿದ್ದೀರಿ. 2023ರ ಜೂನ್‌ನಿಂದ ಇರುವ ಶಕ್ತಿ ಯೋಜನೆ ಸರ್ಕಾರಿ ಸಾಮಾನ್ಯ ಬಸ್ಸುಗಳಿಗೆ ಮಾತ್ರ. ಬೆಂಗಳೂರಿನಲ್ಲಿ ಬಿಎಂಟಿಸಿ ಇತ್ತು, ಕೆಲಸಕ್ಕೆ ಬಂತು. ಮಲೆನಾಡಿನ ರಸ್ತೆಗಳಲ್ಲಿ ಖಾಸಗಿ ಬಸ್ಸುಗಳದೇ ಕಾರುಬಾರು ಎಂಬುದು ನಿಮಗೇ ಗೊತ್ತು. ಚಿಕ್ಕಂದಿನಲ್ಲಿ ಅದರ ಫುಟ್‌ಬೋರ್ಡಿನಲ್ಲಿ ನೇತಾಡಿಯೇ ಶಾಲೆಗೆ ಹೋಗಿದ್ದೀರಿ. ಅಲ್ಲಿ ಟಿಕೆಟ್ ತೆಗೆದುಕೊಳ್ಳಲೇಬೇಕು. ಗೃಹಜ್ಯೋತಿ ಎರಡೂ ಕಡೆ ಉಂಟು, ಮನೆ ಬದಲಿಸಿದಾಗ ಹಳೆಯ ಮೀಟರಿನ ನೋಂದಣಿ ತೆಗೆಸಿ ಹೊಸದಕ್ಕೆ ಮಾಡಿಸಿಕೊಳ್ಳಿ.

ಇನ್ನೊಂದು ಖರ್ಚನ್ನು ಯಾವ ಜಾಲತಾಣವೂ ತೋರಿಸುವುದಿಲ್ಲ: ಮುಯ್ಯಿ. ಬೆಂಗಳೂರಿನಲ್ಲಿದ್ದಾಗ ಊರಿನ ಹತ್ತು ಮದುವೆಯಲ್ಲಿ ಎರಡಕ್ಕೆ ಹೋಗಿ ಉಳಿದವರಿಗೆ ‘ರಜೆ ಸಿಗಲಿಲ್ಲ ಮಾರಾಯ್ರೆ’ ಎಂದರೆ ನಡೆಯುತ್ತಿತ್ತು. ಶಿವಮೊಗ್ಗದಲ್ಲಿದ್ದುಕೊಂಡು ಅರವತ್ತು ಕಿಲೋಮೀಟರ್ ಬರಲಿಲ್ಲ ಎಂದರೆ ಅದು ಮೂರು ವರ್ಷ ಮಾತಾಗುತ್ತದೆ. ಮದುವೆ, ಉಪನಯನ, ಗೃಹಪ್ರವೇಶ, ಶ್ರಾದ್ಧ, ಮಾರಿಜಾತ್ರೆ ಎಲ್ಲಕ್ಕೂ ಹಾಜರಿ. ಹಳ್ಳಿಯಿಂದ ಆಸ್ಪತ್ರೆಗೆ ಬಂದವರು ನಿಮ್ಮಲ್ಲೇ ಉಳಿಯುತ್ತಾರೆ, ನಿಮ್ಮ ಕಾರು ಅರ್ಧ ಊರಿನ ಕಾರಾಗುತ್ತದೆ. ಇದನ್ನು ದೂರಾಗಿ ಹೇಳುತ್ತಿಲ್ಲ, ಊರಿಗೆ ಮರಳುವುದೆಂದರೆ ಬಹುಶಃ ಇದೇ. ಆದರೆ ಶಿವಮೊಗ್ಗದ ಲೆಕ್ಕದಲ್ಲಿ ‘ಊರಿಗೆ ಹೋಗಿಬರಲು’ ಎಂಬ ಸಾಲಿಗೆ ನೀವು ಸೊನ್ನೆ ಬರೆದಿದ್ದಿರಿ. ನಾನು ಅದನ್ನು 2,500 ಮಾಡಿದ್ದೇನೆ, ಅದೂ ಕಡಿಮೆಯೇ ಎನಿಸುತ್ತಿದೆ.

ಈಗ ಹೊಸದಾಗಿ ಹುಟ್ಟುವ ಖರ್ಚು. ನಿಮ್ಮ ಈಗಿನ ಕಂಪನಿಯ ಗುಂಪು ಆರೋಗ್ಯ ವಿಮೆಯಲ್ಲಿ ತಂದೆ ತಾಯಿಯೂ ಸೇರಿದ್ದಾರೆ ಎಂದು ಬರೆದಿದ್ದೀರಿ. ಹೊಸ ಕಂಪನಿ ನಿಮಗೆ, ಹೆಂಡತಿ ಮಗಳಿಗೆ ಮಾತ್ರ ಕೊಡುತ್ತದೆ. ಅರವತ್ತು ದಾಟಿದ ಇಬ್ಬರಿಗೆ ಹೊರಗೆ ಪಾಲಿಸಿ ಮಾಡಿಸಬೇಕು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ, ಅಷ್ಟು ಹಗುರ. ಆದರೆ ಮೊದಲೇ ಇರುವ ಸಕ್ಕರೆ ಕಾಯಿಲೆ, ಬಿಪಿಯಂಥವಕ್ಕೆ ಮೂರು ವರ್ಷದವರೆಗೆ ಕಾಯುವ ಅವಧಿ ಹಾಕಬಹುದು. ಆದ್ದರಿಂದ ರಾಜೀನಾಮೆ ಕೊಟ್ಟ ಮೇಲಲ್ಲ, ಈಗಲೇ, ಗುಂಪು ವಿಮೆ ಚಾಲ್ತಿಯಲ್ಲಿರುವಾಗಲೇ ಬೇರೆ ಪಾಲಿಸಿ ತೆಗೆದುಕೊಳ್ಳಿ. ಆ ಗಡಿಯಾರ ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು. ಶಿವಮೊಗ್ಗದಲ್ಲಿ ಮೆಗ್ಗಾನ್ ಸರ್ಕಾರಿ ಆಸ್ಪತ್ರೆ ಇದೆ, ಖಾಸಗಿ ಆಸ್ಪತ್ರೆಗಳಿವೆ. ಆದರೂ ದೊಡ್ಡ ಕಾಯಿಲೆ ಎಂದಾಗ ನಮ್ಮ ಕಡೆಯವರ ಕಾರು ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗುವುದು ತಪ್ಪಿಲ್ಲ. ಅಲ್ಲಿ ಉಳಿದುಕೊಳ್ಳುವ, ತಿನ್ನುವ ಖರ್ಚು ವಿಮೆಗೆ ಬರುವುದಿಲ್ಲ. ವಿಮೆಗೆ 3,500, ಬೆಂಗಳೂರಿಗೆ ಆಗಾಗ ಹೋಗಿಬರಲು ಮತ್ತು ಮಳೆಗಾಲದ ಇನ್ವರ್ಟರ್ ಇತ್ಯಾದಿಗೆ 3,000, ಒಟ್ಟು 6,500 ಹೊಸ ಸಾಲು ಸೇರಿಸಿದ್ದೇನೆ.

ಹಾಗಾಗಿ ಶಿವಮೊಗ್ಗದ ತಿಂಗಳ ಖರ್ಚು 32,000, 49,500 ಮತ್ತು 6,500 ಕೂಡಿ 88,000. ಬೆಂಗಳೂರಿನಲ್ಲಿ 1,22,000. ಇಳಿದದ್ದು ಶೇ 28.

ಆದಾಯ? ಬೆಂಗಳೂರಿನಲ್ಲಿ ಇಬ್ಬರದೂ ಸೇರಿ 1,46,000. ತಿಂಗಳಿಗೆ 24,000 ಉಳಿಯುತ್ತಿದೆ, ಅದರಲ್ಲೇ ನಿಮ್ಮ 15,000 ಎಸ್‌ಐಪಿ (ಮ್ಯೂಚುವಲ್ ಫಂಡಿಗೆ ತಿಂಗಳ ಕಂತು). ಶಿವಮೊಗ್ಗದಲ್ಲಿ ನಿಮ್ಮ 85,400ರಿಂದ ಸಂಸಾರ ನಡೆಯಬೇಕೆಂದರೆ ತಿಂಗಳಿಗೆ 2,600 ಸಾಲ. ನಿಮ್ಮ ಹೆಂಡತಿಗೆ ಅಲ್ಲಿಯೂ ಕೆಲಸ ಸಿಕ್ಕಿ 14,000 ಬಂದರೆ 11,400 ಉಳಿಕೆ. ನಿಮ್ಮ ಪತ್ರದ ಉದ್ದಕ್ಕೂ ಅವರ ಸಂಬಳದ ಬಗ್ಗೆ ಇರುವುದು ಒಂದೇ ವಾಕ್ಯ: ‘ಅಲ್ಲೂ ಏನಾದರೂ ಸಿಗುತ್ತದೆ.’ ನನ್ನ ಮುಂದೆ ಕೂರುವ ಗಂಡಸರಲ್ಲಿ ಹೆಚ್ಚಿನವರು ಹೀಗೇ ಹೇಳುತ್ತಾರೆ. ಮನೆಯ ಐದರಲ್ಲಿ ಒಂದು ಪಾಲು ಆದಾಯವನ್ನು ‘ಏನಾದರೂ’ ಎಂಬ ಪದದಲ್ಲಿ ಮುಗಿಸಬೇಡಿ. ಅವರು ಶಿವಮೊಗ್ಗದ ಎರಡು ಮೂರು ಶಾಲೆಗಳಲ್ಲಿ ವಿಚಾರಿಸಿ, ಒಂದಾದರೂ ಅಂಕಿ ಕೈಗೆ ಬಂದ ಮೇಲೆ ಈ ಲೆಕ್ಕ ಮತ್ತೆ ಮಾಡಿ. ಬಂದ ಅಂಕಿ 14,000ಕ್ಕಿಂತ ಕಡಿಮೆಯಿದ್ದರೆ ನನ್ನ ಮಾತು ಇನ್ನಷ್ಟು ಬಿಗಿಯಾಗುತ್ತದೆ.

ಬೆಂಗಳೂರಿನ 24,000 ಉಳಿಕೆಯ ಮುಂದೆ ಈ 11,400 ಇಟ್ಟರೆ ಕೊರತೆ ತಿಂಗಳಿಗೆ 12,600. ಅದನ್ನು ಕಂಪನಿಯಿಂದಲೇ ಪಡೆಯುವುದು ಹೇಗೆಂದು ನೋಡೋಣ. 12 ಲಕ್ಷಕ್ಕೆ ಬದಲು 13.9 ಲಕ್ಷ ಕೇಳಿ. ಯಾಕೆ ಸರಿಯಾಗಿ ಅಷ್ಟೇ? ಮೇಲಿನ ಮಾದರಿಯ ಸಿಟಿಸಿಯಲ್ಲಿ 13.9 ಲಕ್ಷಕ್ಕೆ ನಿಮ್ಮ ಸಂಬಳ 12.75 ಲಕ್ಷದ ಗೆರೆಯ ಕೂದಲೆಳೆಯಷ್ಟು ಕೆಳಗೆ ನಿಲ್ಲುತ್ತದೆ, ತೆರಿಗೆ ಸೊನ್ನೆಯೇ. ಕೈಗೆ ಬರುವುದು ಸುಮಾರು 98,900. ಹೆಂಡತಿಯ 14,000 ಸೇರಿ ಖರ್ಚು ಕಳೆದರೆ ಸುಮಾರು 24,900 ಉಳಿಯುತ್ತದೆ, ಈಗ ಬೆಂಗಳೂರಿನಲ್ಲಿ ಉಳಿಯುತ್ತಿರುವಷ್ಟೇ. ಅಲ್ಲಿಂದ ಮೇಲೆ ಸುಮಾರು 14.7 ಲಕ್ಷದವರೆಗೆ ಎಷ್ಟು ಹೆಚ್ಚಿಸಿಕೊಂಡರೂ ಹೆಚ್ಚಿದ್ದೆಲ್ಲ ತೆರಿಗೆಗೇ ಹೋಗುತ್ತದೆ, ಮಾರ್ಜಿನಲ್ ರಿಲೀಫ್ ಎಂಬ ವ್ಯವಸ್ಥೆ ಇರುವುದೇ ಹಾಗೆ. ಆದ್ದರಿಂದ ಅವರು ಇನ್ನೂ ಕೊಡಲು ಸಿದ್ಧರಿದ್ದರೆ ನಗದು ಕೇಳಬೇಡಿ. ತಂದೆ ತಾಯಿಯನ್ನು ಗುಂಪು ವಿಮೆಗೆ ಸೇರಿಸಲು ಕೇಳಿ. ಇಲ್ಲವೇ ಎನ್‌ಪಿಎಸ್‌ಗೆ (ರಾಷ್ಟ್ರೀಯ ಪಿಂಚಣಿ ಯೋಜನೆ) ಕಂಪನಿಯ ವಂತಿಗೆ ಕೇಳಿ. ಮೂಲವೇತನದ ಶೇ 14ರವರೆಗೆ ಅದಕ್ಕೆ ಹೊಸ ಪದ್ಧತಿಯಲ್ಲೂ ತೆರಿಗೆ ವಿನಾಯಿತಿ ಇದೆ.

ಹೊರಡುವ ದಿನದ ಬಗ್ಗೆ. ನವೆಂಬರ್‌ಗೆ ಐದು ವರ್ಷ ಎಂದಿರಿ. ಗ್ರಾಚ್ಯುಟಿ ಲೆಕ್ಕ: ಕೊನೆಯ ತಿಂಗಳ ಮೂಲವೇತನ 75,000ವನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿ, ಐದು ವರ್ಷಕ್ಕೆ ಸುಮಾರು 2,16,000. ಅಕ್ಟೋಬರ್‌ನಲ್ಲಿ ಬಿಟ್ಟರೆ ಇದು ಕೈತಪ್ಪಬಹುದು. ನಾಲ್ಕು ವರ್ಷ 240 ದಿನವಾದರೆ ಸಾಕು ಎಂಬ ಹೈಕೋರ್ಟ್ ತೀರ್ಪು ಇದೆ ನಿಜ, ಆದರೆ ಅದನ್ನು ಹಿಡಿದು ಕಂಪನಿಯ ಜೊತೆ ಜಗ್ಗಾಡುವುದಕ್ಕಿಂತ ಕೆಲವು ವಾರ ಕಾಯುವುದು ಸುಲಭ. ಡಿಸೆಂಬರ್‌ವರೆಗೆ ಕಾಯುತ್ತೇವೆ ಎಂದು ಅವರೇ ಹೇಳಿರುವಾಗ ಅವಸರ ಯಾಕೆ? ಪಿಎಫ್ ಹಿಂಪಡೆಯಬೇಡಿ, ವರ್ಗಾಯಿಸಿ.

ಮಗಳ ಶಾಲೆ ಮಾರ್ಚ್‌ವರೆಗೆ ಇರುತ್ತದೆ. ಡಿಸೆಂಬರ್‌ನಲ್ಲಿ ನೀವೊಬ್ಬರೇ ಬಂದು ಒಂದು ರೂಮಿನಲ್ಲಿ ಇರಿ, ಅವರು ಏಪ್ರಿಲ್‌ಗೆ ಬರಲಿ. ನಾಲ್ಕು ತಿಂಗಳು ಎರಡು ಮನೆ ಎಂದರೆ ದುಂದುವೆಚ್ಚದಂತೆ ಕಾಣುತ್ತದೆ. ಆದರೆ ಅಷ್ಟೂ ತಿಂಗಳು ಹೆಂಡತಿಯ 28,000 ಬರುತ್ತಿರುತ್ತದೆ, ಕಟ್ಟಿದ ಶಾಲಾ ಶುಲ್ಕ ನೀರುಪಾಲಾಗುವುದಿಲ್ಲ, ಮುಖ್ಯವಾಗಿ ಹೊಸ ಕೆಲಸ ಹೊಂದದಿದ್ದರೆ ಹಿಂದಿರುಗಲು ಒಂದು ಮನೆ ಇರುತ್ತದೆ. ಜನಶತಾಬ್ದಿ ಇದೆ, ರಾತ್ರಿ ಬಸ್ಸುಗಳಿಗೆ ಲೆಕ್ಕವಿಲ್ಲ. ಶಿವಮೊಗ್ಗದ ಪಕ್ಕದ ಸೋಗಾನೆಯಲ್ಲಿ 2023ರಿಂದ ವಿಮಾನವೂ ಇಳಿಯುತ್ತದೆ, ಆದರೆ ಈ ಬಜೆಟ್ಟಿಗೆ ಅದು ಬೇಡ.

ಈಗ ನನಗೆ ನಿಜವಾಗಿ ಚಿಂತೆ ತರುವ ವಿಷಯ. ಬೆಂಗಳೂರಿನಲ್ಲಿ ಕೆಲಸ ಹೋದರೆ ಅದೇ ಮೆಟ್ರೋದಲ್ಲಿ ಎರಡು ನಿಲ್ದಾಣ ಮುಂದೆ ಇನ್ನೊಂದು ಕೆಲಸ ಹುಡುಕಬಹುದು. ಶಿವಮೊಗ್ಗದಲ್ಲಿ ಫೌಂಡ್ರಿಗಳಿವೆ, ಕಾಲೇಜುಗಳಿವೆ, ಅಡಿಕೆ ವ್ಯಾಪಾರವಿದೆ. ನಿಮ್ಮ ಕಸುಬಿಗೆ ಈ ಸಂಬಳ ಕೊಡಬಲ್ಲ ಕಂಪನಿಗಳನ್ನು ಬೆರಳಲ್ಲಿ ಎಣಿಸಬಹುದು. ಒಂದು ದೊಡ್ಡ ಕಾರ್ಖಾನೆಯನ್ನೇ ನಂಬಿದ ಊರಿಗೆ ಏನಾಗುತ್ತದೆ ಎಂಬುದನ್ನು ನೋಡಲು ನಾವು ದೂರ ಹೋಗಬೇಕಿಲ್ಲ, ಭದ್ರಾವತಿ ಪಕ್ಕದಲ್ಲೇ ಇದೆ. ಬೆಂಗಳೂರಿನಲ್ಲಿ ಆರು ತಿಂಗಳ ಖರ್ಚು ತೆಗೆದಿಟ್ಟರೆ ಸಾಕಿತ್ತು. ಇಲ್ಲಿ ಹನ್ನೆರಡು ತಿಂಗಳದು ಇರಲಿ, ಅಂದರೆ ಹತ್ತೂವರೆ ಲಕ್ಷ. ನಿಮ್ಮಲ್ಲಿ ಈಗ ಇರುವುದು ನಾಲ್ಕು ಲಕ್ಷ. ಬೆಂಗಳೂರು ಮನೆಯ ಅಡ್ವಾನ್ಸ್ 1,68,000 ವಾಪಸು ಬಂದಾಗ (ಪೇಂಟಿಂಗ್ ಹೆಸರಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಂಡೇ ಕೊಡುತ್ತಾರೆ), ಗ್ರಾಚ್ಯುಟಿ ಬಂದಾಗ, ಎರಡನ್ನೂ ಮುಟ್ಟದೆ ಇದಕ್ಕೇ ಸೇರಿಸಿ. ಕಾರು ಬದಲಿಸುವ ಯೋಚನೆ ಬರುವುದು ಇಂಥ ಹೊತ್ತಿನಲ್ಲೇ.

ತೋಟದ ಆದಾಯವನ್ನು ಭದ್ರತೆ ಎಂದು ಬರೆದಿದ್ದೀರಿ. ಅಡಿಕೆಗೆ ಎಲೆಚುಕ್ಕಿ ರೋಗ ತಗುಲಿದ ಮೇಲೆ ತೀರ್ಥಹಳ್ಳಿ, ಹೊಸನಗರ ಕಡೆಯ ಎಷ್ಟೋ ಮನೆಗಳಲ್ಲಿ ತೋಟವೇ ಮಕ್ಕಳ ಕಡೆ ನೋಡುವಂತಾಗಿದೆ. ಬೋರ್ಡೋ ದ್ರಾವಣ ಹೊಡೆಸಲು ಆಳು ಸಿಗುವುದೇ ಕಷ್ಟ, ಕೂಲಿ ಏರುತ್ತಲೇ ಇದೆ. ರಾಶಿ ಅಡಿಕೆಗೆ ಒಳ್ಳೆ ಧಾರಣೆ ಬಂದ ವರ್ಷ ಸಂತೋಷಪಡಿ, ಆದರೆ ಸಂಬಳದ ಅಂಕಣಕ್ಕೆ ಅದನ್ನು ತರಬೇಡಿ.

ನೀವು ಕೇಳದ ಇನ್ನೊಂದು ದಾರಿಯನ್ನೂ ಹೇಳಿಬಿಡುತ್ತೇನೆ. ಈಗಿನ ಕಂಪನಿಯನ್ನೇ ಕೇಳಿ ನೋಡಿದ್ದೀರಾ? ತಿಂಗಳಿಗೆ ಎರಡು ಸಲ ಬೆಂಗಳೂರಿಗೆ ಬರುತ್ತೇನೆ, ಉಳಿದ ದಿನ ಶಿವಮೊಗ್ಗದಿಂದ ಕೆಲಸ ಮಾಡುತ್ತೇನೆ ಎಂದು. ಊರಿನ ಹೆಸರಲ್ಲಿ ಒಂದಿಷ್ಟು ಸಂಬಳ ಕತ್ತರಿಸಿದರೂ 14.7 ಲಕ್ಷಕ್ಕಿಂತ ಮೇಲೆ ನಿಂತರೆ ಈ ಹೊಸ ಕೆಲಸಕ್ಕಿಂತ ಲೆಕ್ಕದಲ್ಲಿ ಅದೇ ಮೇಲು. ವಿಮೆಯೂ ಉಳಿಯುತ್ತದೆ. ಇಲ್ಲ ಎಂದರೆ ಇಲ್ಲ, ಕೇಳಿದ್ದಕ್ಕೆ ಕಳೆದುಕೊಳ್ಳುವುದೇನೂ ಇಲ್ಲ.

ದಿನಕ್ಕೆ ಎರಡೂವರೆ ಗಂಟೆ ರಸ್ತೆಯಲ್ಲಿ ಕಳೆಯುತ್ತೇನೆ ಎಂದು ಬರೆದಿದ್ದೀರಿ. ತಿಂಗಳಿಗೆ ಐವತ್ತೈದು ಗಂಟೆ. ಅದಕ್ಕೆ ನಾನು ಬೆಲೆ ಕಟ್ಟಿಲ್ಲ. ಅದರಲ್ಲಿ ಬಹುಪಾಲು ವಾಪಸು ಸಿಗುವುದಕ್ಕೆ ತಿಂಗಳಿಗೆ 12,600 ಕೊಡಬಹುದೇ ಎಂಬುದನ್ನು ನೀವಿಬ್ಬರು ಕೂತು ತೀರ್ಮಾನಿಸಿ. ಕೊಡಬಹುದು ಎಂದಾದರೆ 12 ಲಕ್ಷಕ್ಕೂ ಬನ್ನಿ, ನಾನು ಬೇಡ ಎನ್ನುವುದಿಲ್ಲ. ಲಾಭ ಎಂದುಕೊಂಡು ಮಾತ್ರ ಬರಬೇಡಿ.

ಮನೆ ನೋಡಲು ಡಿಸೆಂಬರ್‌ವರೆಗೆ ಕಾಯಬೇಡಿ. ಆ ತಿಂಗಳಲ್ಲಿ ಶಿವಮೊಗ್ಗದ ಯಾವ ಮನೆಯೂ ಚಂದವೇ. ಈ ಮಳೆಯಲ್ಲೇ ಒಂದು ಶನಿವಾರ ಬಂದು ನೋಡಿ. ಗೋಡೆಗೆ ಕೈಯಿಟ್ಟು ನೋಡಿ, ಬಟ್ಟೆ ಒಣಗಿಸಲು ಮಾಡಿನ ಜಾಗ ಇದೆಯೇ ಕೇಳಿ, ತುಂಗೆಯ ನಲ್ಲಿ ನೀರು ಮಹಡಿಗೆ ತಾನಾಗಿ ಏರುತ್ತದೆಯೇ ಎಂದು ಕೆಳಗಿನ ಮನೆಯವರನ್ನು ಕೇಳಿ, ಮಾಲೀಕರನ್ನಲ್ಲ.